ಮಾಳಿಗೆಯಿಂದ ಸ್ಲ್ಯಾಬಿಗೆ: ಕಲ್ಯಾಣ–ಹುಮನಾಬಾದ್ ಸೀಮೆಯ ಆಧುನಿಕ ಮನೆ

ಬಸವಕಲ್ಯಾಣವೆಂದರೆ ಓದುಗರ ಕಣ್ಮುಂದೆ ಮೊದಲು ನಿಲ್ಲುವುದು ಕೋಟೆ, ನಂತರ ಶರಣರ ಸ್ಮಾರಕಗಳು. ಹುಮನಾಬಾದ್ ಎಂದರೆ ವೀರಭದ್ರೇಶ್ವರ ಗುಡಿ ಮತ್ತು ಮಾಣಿಕನಗರ. ಈ ಎರಡು ಊರುಗಳ ವಾಸ್ತುವಿನ ಬಗೆಗೆ ಬಂದಿರುವ ಬರಹಗಳೆಲ್ಲ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತವೆ. ಆದರೆ 1948ರಿಂದ ಸರಿಸುಮಾರು 1975ರವರೆಗಿನ ಅವಧಿಯಲ್ಲಿ ಈ ಸೀಮೆಯ ಸಾಮಾನ್ಯ ಕುಟುಂಬದ ಮನೆ ತನ್ನ ರೂಪವನ್ನೇ ಬದಲಿಸಿಕೊಂಡಿತು. ಮಣ್ಣಿನ ಮಾಳಿಗೆ ಹೋಗಿ ಕಾಂಕ್ರೀಟಿನ ಸ್ಲ್ಯಾಬು ಬಂದಿತು. ಬಂಕ ಹೋಗಿ ವರಾಂಡ ಬಂದಿತು. ಪಡಸಾಲೆಯ ಸ್ಥಾನದಲ್ಲಿ ‘ಡ್ರಾಯಿಂಗ್ ರೂಮು’ ಕಾಣಿಸಿಕೊಂಡಿತು. ಜಗತ್ತಿನ ವಾಸ್ತುಚರಿತ್ರೆಯಲ್ಲಿ ‘ಶತಮಾನದ ನಡುವಿನ ಆಧುನಿಕ ಶೈಲಿ’ ಎಂದು ಹೆಸರಾದ ಚಳವಳಿಯ ಕೊನೆಯ ಅಲೆ ನಮ್ಮ ಓಣಿಗಳನ್ನು ಮುಟ್ಟಿದ್ದು ಹೀಗೆ. ಆ ಮನೆಗಳಿಗೆ ಈಗ ಐವತ್ತರಿಂದ ಎಪ್ಪತ್ತೈದು ವರ್ಷ. ಸಹೋದರರ ಪಾಲುಪತ್ರ, ರಸ್ತೆ ಅಗಲೀಕರಣ, ವಾಣಿಜ್ಯ ಮಳಿಗೆಯ ಆಸೆ ಇವುಗಳಲ್ಲಿ ಯಾವುದಾದರೊಂದು ಕಾರಣಕ್ಕೆ ಅವು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಅವುಗಳ ಹಿನ್ನೆಲೆ, ರಚನೆ, ಗುಣದೋಷಗಳನ್ನು ಒಂದೆಡೆ ದಾಖಲಿಸುವುದು ಈ ಲೇಖನದ ಉದ್ದೇಶ.

ಶೈಲಿಯ ಮೂಲ

ಮೊದಲ ಮಹಾಯುದ್ಧದ ನಂತರ ಯುರೋಪಿನಲ್ಲಿ ಹುಟ್ಟಿದ ಆಧುನಿಕ ವಾಸ್ತುವಿನ ತಿರುಳು ಸರಳವಾದದ್ದು. ಗೋಡೆಯು ಮನೆಯ ಭಾರವನ್ನು ಹೊರಬೇಕಾಗಿಲ್ಲ. ಕಬ್ಬಿಣದ ಸರಳು ಸೇರಿಸಿದ ಕಾಂಕ್ರೀಟಿನ ಕಂಬ, ತೊಲೆಗಳೇ ಅದನ್ನು ಹೊರುತ್ತವೆ. ಹಾಗಾದ ಮೇಲೆ ಗೋಡೆಯನ್ನು ಬೇಕಾದಲ್ಲಿ ಎಬ್ಬಿಸಬಹುದು, ಕಿಟಕಿಯನ್ನು ಬೇಕಾದಷ್ಟು ಅಗಲಿಸಬಹುದು, ಛಾವಣಿಯನ್ನು ಸಮತಟ್ಟಾಗಿಸಿ ಅಂಗಳದಂತೆ ಬಳಸಬಹುದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಲ ಕಾರ್ಬುಸಿಯೆ 1920ರ ದಶಕದಲ್ಲಿ ಇವನ್ನು ಐದು ಸೂತ್ರಗಳಾಗಿ ಹೇಳಿದ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಇದೇ ವಿಚಾರ ಮಧ್ಯಮ ವರ್ಗದ ಮನೆಗಳಿಗೆ ಹರಡಿತು. 1949ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ತಮಗಾಗಿ ಕಟ್ಟಿಕೊಂಡ ಮನೆ ಅದರ ಪ್ರಸಿದ್ಧ ಉದಾಹರಣೆ.

ಭಾರತದಲ್ಲಿ ಇದಕ್ಕೆ ದೊಡ್ಡ ಪ್ರಯೋಗಶಾಲೆಯಾದದ್ದು ಅಹಮದಾಬಾದ್. ಅಲ್ಲಿ ಕಾರ್ಬುಸಿಯೆ 1950ರ ದಶಕದಲ್ಲಿ ರೂಪಿಸಿದ ಎರಡು ಕುಟುಂಬ ಮನೆಗಳು ನಮ್ಮ ವಿಷಯಕ್ಕೆ ಹತ್ತಿರವಾದವು. ಶೋಧನ್ ಅವರ ಮನೆಗೆ ಆತ ಛಾವಣಿಯ ಮೇಲೆ ಇನ್ನೊಂದು ಛಾವಣಿಯನ್ನು ಕೊಡೆಯಂತೆ ಎತ್ತಿ ಹಿಡಿದ. ಬಿಸಿಲು ಮೇಲಿನದಕ್ಕೆ ಬಡಿಯುತ್ತದೆ, ನಡುವೆ ಗಾಳಿ ಹರಿಯುತ್ತದೆ. ಮನೋರಮಾ ಸಾರಾಭಾಯಿ ಅವರ ಮನೆಗೆ ಇಟ್ಟಿಗೆಯ ತಗ್ಗು ಕಮಾನುಗಳ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿದ. ಬೀದರ್ ಜಿಲ್ಲೆಯ ಯಾವ ರೈತನಿಗೂ ಇದು ಹೊಸ ಸಂಗತಿಯಲ್ಲ. ಆತನ ಮಾಳಿಗೆಯ ಮೇಲೆ ಮಳೆಗಾಲದಲ್ಲಿ ಹುಲ್ಲು ತಾನಾಗಿಯೇ ಬೆಳೆಯುತ್ತಿತ್ತು. ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಮಣ್ಣಿನ ಮಾಳಿಗೆಯತ್ತ ಬರುತ್ತಿದ್ದ ಹೊತ್ತಿನಲ್ಲಿಯೇ ನಾವು ಅದನ್ನು ಕಿತ್ತೊಗೆದು ಆತನ ಹಳೆಯ ಸೂತ್ರಗಳತ್ತ ಹೊರಟಿದ್ದೆವು ಎಂಬುದು ಗಮನಿಸತಕ್ಕ ವಿಪರ್ಯಾಸ.

ಹಿಂದೆ ಇದ್ದ ಮನೆ

ಹೊಸದು ಏನನ್ನು ಬದಲಿಸಿತು ಎಂದು ತಿಳಿಯಲು ಹಳೆಯದನ್ನು ಅರಿಯಬೇಕು. ಈ ಭಾಗದಲ್ಲಿ ಎರಡು ಬಗೆಯ ಕಲ್ಲು ಸಿಗುತ್ತದೆ. ಬೀದರ್–ಹುಮನಾಬಾದ್ ಪ್ರಸ್ಥಭೂಮಿಯ ಮೇಲ್ಪದರದಲ್ಲಿ ಜಂಬಿಟ್ಟಿಗೆಯ ಕೆಂಪು ಕಲ್ಲು. ಅಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಅದರ ಗುಣ. ಅದರ ಕೆಳಗೆ, ಹಾಗೂ ಅದು ಕೊಚ್ಚಿಹೋದ ತಗ್ಗು ಪ್ರದೇಶಗಳಲ್ಲಿ, ಕರಿಕಲ್ಲು. ಬಡವರ ಮನೆಯಿರಲಿ, ಗೌಡರ ವಾಡೆಯಿರಲಿ, ಎರಡಡಿಗೂ ಮೀರಿದ ದಪ್ಪದ ಕಲ್ಲುಗೋಡೆಯನ್ನು ಮಣ್ಣಿನ ಗಾರೆಯಲ್ಲಿ ಎಬ್ಬಿಸುವುದೇ ಪದ್ಧತಿ. ಉಳ್ಳವರು ಗಚ್ಚು ಬಳಸುತ್ತಿದ್ದರು.

ಛಾವಣಿಯ ಭಾರ ಹೊರುತ್ತಿದ್ದುದು ಬಹುಮಟ್ಟಿಗೆ ಕಟ್ಟಿಗೆಯ ಕಂಬಗಳು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಡ್ಡಿಯ ಹಾಸು, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಮನೆ ಎಷ್ಟು ದೊಡ್ಡದೆಂಬುದನ್ನು ಅಡಿಗಳಲ್ಲಿ ಹೇಳುತ್ತಿರಲಿಲ್ಲ, ಅಂಕಣಗಳಲ್ಲಿ ಎಣಿಸುತ್ತಿದ್ದರು. ಗಡಿಯಾಚೆಯ ಮರಾಠಿಯಲ್ಲಿ ಇದೇ ‘ಖಣ’. ಮುಂದೆ ಬಂಕ, ಒಳಗೆ ತಗ್ಗಿನಲ್ಲಿ ದನಕರು, ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ನಡುಮನೆ, ಅಡುಗೆಮನೆ, ಜಗಲಿಯ ದೇವರು. ಬೆಳಕು ಬರುತ್ತಿದ್ದುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಹೊರಗೋಡೆಗೆ ಕಿಟಕಿ ಇಡುವುದು ಅಪರೂಪ. ಕಳ್ಳಕಾಕರ ಭಯ, ಬೇಸಿಗೆಯ ಬಿಸಿಗಾಳಿ, ಹೆಣ್ಣುಮಕ್ಕಳ ಮರೆ ಮೂರೂ ಅದಕ್ಕೆ ಕಾರಣ.

ಈ ಮನೆ ತಂಪಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಅದು ಕತ್ತಲಾಗಿಯೂ ಇತ್ತು, ಹೊಗೆ ಹೋಗಲು ದಾರಿ ಇರಲಿಲ್ಲ, ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಬೇಕಾಗಿತ್ತು. ಸೋರಿದಾಗಲೆಲ್ಲ ಮೇಲೆ ಮಣ್ಣು ಸುರಿಯುತ್ತ ಹೋದಂತೆ ವರ್ಷದಿಂದ ವರ್ಷಕ್ಕೆ ಛಾವಣಿಯ ಭಾರ ಏರುತ್ತಲೇ ಇತ್ತು. ಆ ಭಾರದ ಲೆಕ್ಕ ಮುಂದೆ ಬರುತ್ತದೆ. ಹಳೆಯ ಮನೆಯನ್ನು ಹೊಗಳುವವರು ಮಾಳಿಗೆಗೆ ಮಣ್ಣು ಹೊತ್ತವರನ್ನೂ, ಹೊಗೆಯಲ್ಲಿ ಅಡುಗೆ ಮಾಡಿದವರನ್ನೂ ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಸಿಮೆಂಟು ಬಂದ ದಾರಿ

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಮರುವರ್ಷ ಜಹಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಸಂಸ್ಥಾನದ ಗೇಣಿ ಕಾನೂನು ಬಂದಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕಲ್ಯಾಣಿ ‘ಬಸವಕಲ್ಯಾಣ’ವಾದದ್ದೂ ಅದೇ ವರ್ಷ. ಇಷ್ಟು ಬದಲಾವಣೆಗಳು ಎಂಟೇ ವರ್ಷಗಳಲ್ಲಿ ಜರುಗಿದಾಗ ಊರಿನ ಸ್ಥಾನಮಾನಗಳೂ ಅದಲುಬದಲಾದವು. ಭೂಮಿಯ ಮೇಲಿನ ಹಿಡಿತ ಸಡಿಲಿದ ಮನೆತನಗಳು, ಅಡತಿ ವ್ಯಾಪಾರದಲ್ಲಿ ಮುಂದೆ ಬಂದವರು, ವಕೀಲರು, ವೈದ್ಯರು, ಹೊಸ ಸರ್ಕಾರದ ನೌಕರರು ಇವರೆಲ್ಲರಿಗೂ ಹಳೆಯ ವಾಡೆಯ ನೆರಳಿಲ್ಲದ ಒಂದು ಮನೆ ಬೇಕಾಗಿತ್ತು. ಸ್ಲ್ಯಾಬ್ ಮನೆ ಆ ಹೊಸ ಗುರುತಿಗೆ ಹೊಂದಿಕೊಂಡಿತು.

ಸಾಮಗ್ರಿಯ ದೃಷ್ಟಿಯಿಂದ ಈ ಸೀಮೆ ಅದೃಷ್ಟಶಾಲಿ. ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲಿಯೇ ಸಿಮೆಂಟ್ ಕಾರ್ಖಾನೆ ಇದ್ದಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದ್ ಕಂಪನಿಯೂ ಅದರಲ್ಲಿ ಸೇರಿತು. ಅದೇ ಊರಿನ ಸುಣ್ಣಕಲ್ಲಿನ ಫರ್ಸಿಯಂತೂ ಅದಕ್ಕೂ ಹಿಂದಿನಿಂದಲೇ ನೆಲಕ್ಕೆ ಬಳಕೆಯಲ್ಲಿತ್ತು. ಆದರೆ ಹುಮನಾಬಾದಿಗೆ ಆಗ ರೈಲು ಇರಲಿಲ್ಲ. ಬೀದರ್–ಕಲಬುರಗಿ ಮಾರ್ಗ ಪೂರ್ಣಗೊಂಡು ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ಸಿಮೆಂಟು, ಸರಳು ಎಲ್ಲವೂ ಲಾರಿಯಲ್ಲಿ ಬರಬೇಕಾಗಿತ್ತು. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿ ಹುಮನಾಬಾದಿನ ಮೂಲಕ ಹಾದುಹೋಗುವುದು ಇಲ್ಲಿ ನೆರವಾಯಿತು. ಸಾಮಗ್ರಿಯ ಜೊತೆಗೆ ಮಾದರಿಗಳೂ ಅದೇ ರಸ್ತೆಯಲ್ಲಿ ಬಂದವು ಎನ್ನಬಹುದು. ಒಂದು ಕಡೆ ಹೈದರಾಬಾದ್–ಸಿಕಂದರಾಬಾದಿನ ಬಡಾವಣೆಗಳ ದುಂಡು ಮೂಲೆಯ ಬಂಗಲೆ, ಇನ್ನೊಂದು ಕಡೆ ಮುಂಬಯಿ, ಪುಣೆ, ಸೊಲ್ಲಾಪುರಗಳ ಬಾಲ್ಕನಿಯ ಮನೆ.

ಸಿಮೆಂಟು ಸುಲಭವಾಗಿ ಸಿಗುತ್ತಿತ್ತೆಂದು ಭಾವಿಸಬಾರದು. ಅದರ ಬೆಲೆ, ವಿತರಣೆ ಎರಡೂ ಸರ್ಕಾರದ ನಿಯಂತ್ರಣದಲ್ಲಿದ್ದವು. 1982ರಲ್ಲಿ ಭಾಗಶಃ, 1989ರಲ್ಲಿ ಸಂಪೂರ್ಣವಾಗಿ ಆ ನಿಯಂತ್ರಣ ಸಡಿಲವಾಯಿತು. ಅಲ್ಲಿಯವರೆಗೆ ಪರ್ಮಿಟ್ಟು, ಶಿಫಾರಸು, ಕಾಯುವಿಕೆ. ಒಂದೇ ಮನೆಯಲ್ಲಿ ಮುಂಭಾಗ ಸ್ಲ್ಯಾಬು, ಹಿಂಭಾಗ ಮಾಳಿಗೆ ಕಾಣಸಿಗುವುದಕ್ಕೆ ಹಣದ ಕೊರತೆಯಷ್ಟೇ ಈ ಕೊರತೆಯೂ ಕಾರಣ. ಎರಡರ ನಡುವಿನ ಇನ್ನೊಂದು ಬಗೆಯನ್ನೂ ಇಲ್ಲಿ ಹೇಳಬೇಕು. ಕಬ್ಬಿಣದ ಗರ್ಡರುಗಳನ್ನು ಗೋಡೆಯಿಂದ ಗೋಡೆಗೆ ಹಾಸಿ, ಅವುಗಳ ನಡುವೆ ಫರ್ಸಿಯ ಚಪ್ಪಡಿಗಳನ್ನು ಕೂರಿಸಿ, ಮೇಲೆ ಗಚ್ಚು ಹಾಕುವ ‘ಗರ್ಡರ್–ಫರ್ಸಿ’ ಛಾವಣಿ. ಕಾಂಕ್ರೀಟಿಗೆ ಬೇಕಾದ ಸೆಂಟ್ರಿಂಗ್ ಇದಕ್ಕೆ ಬೇಡ. ಕಲಬುರಗಿ, ಬೀದರ್ ಜಿಲ್ಲೆಗಳ ಹಳೆಯ ಅಂಗಡಿಸಾಲುಗಳಲ್ಲಿ ಇದು ಇಂದಿಗೂ ಕಾಣಸಿಗುತ್ತದೆ.

ವಿನ್ಯಾಸ

ಈ ಮನೆಗಳ ಹಿಂದೆ ವಾಸ್ತುಶಿಲ್ಪಿಯ ಹೆಸರು ಹುಡುಕುವುದು ಸಾಮಾನ್ಯವಾಗಿ ವ್ಯರ್ಥ. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿಯೇ ತರಬೇತಾದ ವಾಸ್ತುಶಿಲ್ಪಿಗಳ ಸಂಖ್ಯೆ ಅತ್ಯಲ್ಪವಾಗಿತ್ತು. ತಾಲ್ಲೂಕು ಕೇಂದ್ರಗಳಲ್ಲಿ ನಕಾಶೆ ಬರೆಯುತ್ತಿದ್ದವರು ಲೋಕೋಪಯೋಗಿ ಇಲಾಖೆಯ ಓವರ್‌ಸಿಯರು, ನಕಾಶೆಗಾರರು ಮತ್ತು ಅನುಭವಿ ಮೇಸ್ತ್ರಿಗಳು. ಆದ್ದರಿಂದಲೇ ಸರ್ಕಾರಿ ಕ್ವಾರ್ಟರ್ಸು, ಪ್ರವಾಸಿ ಮಂದಿರ, ಶಾಲಾ ಕಟ್ಟಡಗಳ ಛಾಯೆ ಖಾಸಗಿ ಮನೆಗಳ ಮೇಲೆ ಗಾಢವಾಗಿ ಬಿದ್ದಿದೆ.

ಎದುರಿನಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅಡ್ಡಗೆರೆ. ಕಿಟಕಿ, ಬಾಗಿಲುಗಳ ಮೇಲೆ ಗೋಡೆಯುದ್ದಕ್ಕೂ ಎರಡಡಿ ಹೊರಚಾಚಿದ ಛಜ್ಜಾ ಇಡೀ ಮುಖವನ್ನು ಅಡ್ಡಡ್ಡಲಾಗಿ ಸೀಳುತ್ತದೆ. ಹಳೆಯ ಮನೆಯ ಮುಖ ಬಾಗಿಲನ್ನು ನಡುವಿಟ್ಟು ಎರಡೂ ಬದಿ ಸಮನಾಗಿರುತ್ತಿತ್ತು. ಇಲ್ಲಿ ಬೇಕೆಂದೇ ಆ ಸಮತೋಲ ಮುರಿದಿದೆ. ಒಂದು ಬದಿಗೆ ಮುಂದಕ್ಕೆ ಬಂದ ಕೋಣೆ, ಇನ್ನೊಂದು ಬದಿಗೆ ಹಿಂದೆ ಸರಿದ ವರಾಂಡ. ವರಾಂಡದ ಮೂಲೆಯಲ್ಲಿ ತೆಳ್ಳನೆಯ ದುಂಡು ಕಂಬ, ಅಥವಾ ಕಂಬವೇ ಇಲ್ಲದೆ ತೇಲುವಂತೆ ಕಾಣುವ ಚಾಚು ಸ್ಲ್ಯಾಬು. ಮೆಟ್ಟಿಲಿನ ಕೋಣೆಗೆ ಸಿಮೆಂಟಿನ ಜಾಲಂಧ್ರ. ಮೇಲೆ ಪ್ಯಾರಾಪೆಟ್ಟಿನಲ್ಲಿ ಗಾರೆಯಿಂದ ಮೂಡಿಸಿದ ಇಸವಿ, ಮನೆಯ ಹೆಸರು, ಕೆಲವೊಮ್ಮೆ ಓಂಕಾರ, ಕೆಲವೊಮ್ಮೆ ಲಿಂಗ, ಕೆಲವೊಮ್ಮೆ ಅರ್ಧಚಂದ್ರ. ಅಲಂಕಾರವೇ ಬೇಡವೆಂದ ಶೈಲಿಗೆ ನಮ್ಮ ಜನ ಇಷ್ಟನ್ನು ಸೇರಿಸದೆ ಬಿಡಲಿಲ್ಲ.

ಒಳಗಿನ ಬದಲಾವಣೆ ಇನ್ನೂ ಆಳವಾದದ್ದು. ಹಳೆಯ ಮನೆಯಲ್ಲಿ ಕೋಣೆಗೆ ನಿಗದಿತ ಕೆಲಸವಿರಲಿಲ್ಲ. ಪಡಸಾಲೆಯಲ್ಲಿ ಹಗಲು ವ್ಯವಹಾರ, ರಾತ್ರಿ ನಿದ್ದೆ, ಹಬ್ಬಕ್ಕೆ ಊಟದ ಪಂಕ್ತಿ. ಹೊಸ ನಕಾಶೆ ಪ್ರತಿಯೊಂದಕ್ಕೂ ಒಂದು ಕೋಣೆ ಕೊಟ್ಟು ಹೆಸರು ಬರೆಯಿತು. ಮಲಗುವ ಕೋಣೆಗೆ ಬಾಗಿಲು ಬಂದಿತು. ಗಂಡ ಹೆಂಡತಿಗೆ ಸ್ವಂತದ್ದೆಂಬ ಒಂದು ಕೋಣೆ ಎಂಬ ಕಲ್ಪನೆಯೇ ಅನೇಕ ಕುಟುಂಬಗಳಿಗೆ ಆಗ ಹೊಸದಾಗಿತ್ತು. ಅಡುಗೆಮನೆಯಲ್ಲಿ ನೆಲದ ಒಲೆ ಹೋಗಿ ನಿಂತು ಬೇಯಿಸುವ ಕಟ್ಟೆ, ಅದರ ಮೇಲೆ ಹೊಗೆ ಹೋಗುವ ಚಿಮಣಿ ಬಂದವು. ಹಿತ್ತಿಲ ಮೂಲೆಯಲ್ಲಿದ್ದ ಬಚ್ಚಲು ಒಳಕ್ಕೆ ಬಂದಿತು. ಶೌಚಾಲಯ ಮಾತ್ರ ಬಹುಕಾಲ ಹಿತ್ತಿಲಲ್ಲಿಯೇ ಉಳಿಯಿತು.

ಗೋಡೆಯ ದಪ್ಪ ಎರಡೂವರೆ ಅಡಿಯಿಂದ ಒಂದಡಿಗೆ ಇಳಿದಾಗ ಇನ್ನೊಂದು ನಷ್ಟವಾಯಿತು. ದೀಪದ ಮಾಡ, ಗೋಡೆಯೊಳಗಿನ ಗೂಡು ಎಲ್ಲಕ್ಕೂ ಜಾಗ ಹೋಯಿತು. ಆ ಕೆಲಸವನ್ನು ಕಬ್ಬಿಣದ ಅಲಮಾರಿ ವಹಿಸಿಕೊಂಡಿತು. 1942ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಆಲ್ವಿನ್ ಕಂಪನಿಯ ಹೆಸರು ಈ ಭಾಗದಲ್ಲಿ ಅಲಮಾರಿಯ ನೆಪದಲ್ಲಿಯೂ ಮನೆಮಾತಾಯಿತು. ನೆಲಕ್ಕೆ ಫರ್ಸಿ ಹಾಗೆಯೇ ಮುಂದುವರಿದರೂ ಡ್ರಾಯಿಂಗ್ ರೂಮಿಗೆ ಮಾತ್ರ ಮೊಸಾಯಿಕ್. ಬಣ್ಣದ ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಹಾಸಿ, ಗಟ್ಟಿಯಾದ ಮೇಲೆ ದಿನಗಟ್ಟಲೆ ಉಜ್ಜಿ ಹೊಳಪು ತರಿಸುವ ಈ ಕೆಲಸ ಇಂದು ಮಾಡಿಸಬೇಕೆಂದರೂ ಸುಲಭದಲ್ಲಿ ಆಗದು. ಎಪ್ಪತ್ತು ವರ್ಷ ತುಳಿದರೂ ಸವೆಯದ ಆ ನೆಲವನ್ನು ಕಿತ್ತು ಹೊಳೆಯುವ ಟೈಲ್ಸು ಹಾಕಿಸುವವರನ್ನು ಕಂಡರೆ ಈ ವರದಿಗಾರನಿಗೆ ಸಂಕಟವಾಗುತ್ತದೆ.

ಬಂಕ ಇಲ್ಲದಾದುದರ ಪರಿಣಾಮ ಮಿಶ್ರವಾದದ್ದು. ಬಂಕವೆಂದರೆ ಊರಿನವರು ಕೇಳದೆಯೇ ಬಂದು ಕೂಡಬಹುದಾದ ಸ್ಥಳ. ಆದರೆ ಯಾರು ಬಂಕದಲ್ಲಿ ಕೂಡಬೇಕು, ಯಾರು ಅದರ ಕೆಳಗೆ ನಿಲ್ಲಬೇಕು, ಯಾರು ಪಡಸಾಲೆಯವರೆಗೆ ಬರಬಹುದು ಎಂಬುದನ್ನು ಜಾತಿಯ ಪ್ರಕಾರ ನಿರ್ಧರಿಸುತ್ತಿದ್ದ ಮೆಟ್ಟಿಲುಗಳೂ ಅವೇ ಆಗಿದ್ದವು. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಶರಣರು ಎತ್ತಿದ ಪ್ರಶ್ನೆ ಆ ಮೆಟ್ಟಿಲುಗಳ ಮೇಲೆ ಎಂಟು ನೂರು ವರ್ಷ ಹಾಗೆಯೇ ಕುಳಿತಿತ್ತು. ಸ್ಲ್ಯಾಬ್ ಮನೆಯ ಗೇಟು, ಕಾಲಿಂಗ್ ಬೆಲ್ಲು ಎಲ್ಲರನ್ನೂ ಒಂದೇ ಕಡೆ ನಿಲ್ಲಿಸಿದವು. ಆಮೇಲೆ ಕುರ್ಚಿ ಯಾರಿಗೆ ಹಾಕುತ್ತಾರೆ ಎಂಬುದು ವಾಸ್ತುವಿನ ವಿಷಯವಲ್ಲ.

ಸೆಖೆಯ ಲೆಕ್ಕ

ಈ ಮನೆಗಳ ಬಹುದೊಡ್ಡ ದೋಷ ಛಾವಣಿಯದು. ಏಪ್ರಿಲ್–ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸೂರ್ಯನ ಶಾಖ ದಪ್ಪನೆಯ ಮಣ್ಣನ್ನು ಹಾದು ಒಳಬರಲು ಹತ್ತು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ರಾತ್ರಿಯಾಗಿ ಹೊರಗೆ ತಂಪಾಗಿರುತ್ತದೆ. ನಾಲ್ಕೈದು ಅಂಗುಲದ ಕಾಂಕ್ರೀಟನ್ನು ಅದೇ ಶಾಖ ಮೂರು ಗಂಟೆಯ ಆಸುಪಾಸಿನಲ್ಲಿ ದಾಟುತ್ತದೆ. ಅಂದರೆ ಮಧ್ಯಾಹ್ನದ ಬಿಸಿಲು ಸಂಜೆ ಮನೆಮಂದಿ ಸೇರುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಇಳಿಯುತ್ತದೆ. ಸಂಜೆ ಸ್ಲ್ಯಾಬಿಗೆ ಕೊಡಗಟ್ಟಲೆ ನೀರು ಸುರಿದು, ಕತ್ತಲಾದ ಮೇಲೆ ಹಾಸಿಗೆ ಹೊತ್ತು ಮೇಲೆ ಹೋಗಿ ಮಲಗಿದ ನೆನಪು ಈ ಭಾಗದಲ್ಲಿ ಬೆಳೆದ ಯಾರಿಗಾದರೂ ಇರುತ್ತದೆ.

ಪರಿಹಾರ ಆಗಲೂ ಗೊತ್ತಿರಲಿಲ್ಲವೆಂದಲ್ಲ. ಹಿಟ್ಲರನ ಜರ್ಮನಿಯಿಂದ ಹೊರಬಂದು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಒಟ್ಟೊ ಕೋನಿಗ್ಸ್‌ಬರ್ಗರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಟ್ಟಡಗಳಲ್ಲಿ ನೆರಳು, ಗಾಳಿಯ ಹರಿವುಗಳನ್ನು ವಿನ್ಯಾಸದ ಭಾಗವಾಗಿಸಿದ್ದರು. ಉಷ್ಣವಲಯದ ಮನೆಗಳ ಕುರಿತು ಅವರು ಇತರರೊಡನೆ ಬರೆದ ಕೈಪಿಡಿ 1970ರ ದಶಕದಲ್ಲಿ ಪ್ರಕಟವಾಗಿ ಇಂದಿಗೂ ಪಠ್ಯವಾಗಿದೆ. ಹಳೆಯ ಹೈದರಾಬಾದ್ ಸಂಸ್ಥಾನದ ಸಿಕಂದರಾಬಾದಿನಲ್ಲಿ 1930ರಲ್ಲಿ ಜನಿಸಿದ ಚಾರ್ಲ್ಸ್ ಕೊರಿಯಾ 1960ರ ದಶಕದ ಆರಂಭದಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಕೊಳವೆ ಮನೆ’ಯಲ್ಲಿ ಬಿಸಿಗಾಳಿ ಇಳಿಜಾರಿನ ಛಾವಣಿಯಗುಂಟ ಮೇಲೇರಿ ನೆತ್ತಿಯ ಕಿಂಡಿಯಿಂದ ಹೊರಹೋಗುವಂತೆ ಮಾಡಿದ್ದರು. ಮುಂದೆ 1980ರ ದಶಕದಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ತಮಗಾಗಿ ಮನೆ ಕಟ್ಟಿಕೊಳ್ಳುವಾಗ ಅದೇ ಕೊರಿಯಾ ನಡುವೆ ತೆರೆದ ಅಂಗಳವಿಟ್ಟರು. ಈ ಅರಿವು ತಾಲ್ಲೂಕಿನ ನಕಾಶೆಗಾರನವರೆಗೆ ಇಳಿಯಲಿಲ್ಲ. ನಾವು ಪಡೆದದ್ದು ಆಧುನಿಕ ಮನೆಯ ಮುಖವನ್ನು, ಅದರ ವಿವೇಚನೆಯನ್ನಲ್ಲ.

ಹಾಗೆಂದು ಆ ಕಾಲದ ಮನೆಗಳು ಇಂದಿನವುಗಳಿಗಿಂತ ಬಿಸಿ ಎಂದರೆ ತಪ್ಪಾದೀತು. ಅವುಗಳ ಒಳ ಎತ್ತರ ಹತ್ತರಿಂದ ಹನ್ನೆರಡಡಿ. ಛಜ್ಜಾ ಅಗಲ, ಕಿಟಕಿಯ ಮೇಲೆ ಗಾಳಿಕಿಂಡಿ, ಸುತ್ತ ತೆರೆದ ಜಾಗ. ಸ್ಲ್ಯಾಬಿನ ಮೇಲೆ ಇಟ್ಟಿಗೆಯ ಜಲ್ಲಿ ಮತ್ತು ಸುಣ್ಣ ಕಲಸಿದ ಪದರವನ್ನು ಬಡಿದು ಕೂರಿಸುತ್ತಿದ್ದರು. ಅದು ನೀರನ್ನೂ ಬಿಸಿಲನ್ನೂ ಒಂದಿಷ್ಟು ತಡೆಯುತ್ತಿತ್ತು. ಇಂದು ಒಂಬತ್ತೂವರೆ ಅಡಿ ಎತ್ತರದ, ಛಜ್ಜಾ ಕಿರಿದಾದ, ಗಾಜಿನ ಮುಖದ ಮನೆ ಕಟ್ಟಿ ಹವಾನಿಯಂತ್ರಣ ಯಂತ್ರ ಕೂರಿಸುವವರು ಹಿಂದಿನವರನ್ನು ದೂರುವಂತಿಲ್ಲ.

ಕಿಲ್ಲಾರಿಯ ಮುಂಜಾವು

ಮಾಳಿಗೆಯೋ ಸ್ಲ್ಯಾಬೋ ಎಂಬ ಚರ್ಚೆ ಈ ಸೀಮೆಯಲ್ಲಿ ಮುಗಿದದ್ದು ವಾಸ್ತುಶಿಲ್ಪಿಗಳಿಂದಲ್ಲ. 1993ರ ಸೆಪ್ಟೆಂಬರ್ 30ರಂದು, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತು, ನಸುಕಿನ ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪವಾಯಿತು. ಬಸವಕಲ್ಯಾಣದಿಂದ ಕಿಲ್ಲಾರಿ ನೇರ ಅಳತೆಯಲ್ಲಿ ಐವತ್ತು ಕಿಲೋಮೀಟರಿಗಿಂತ ಹತ್ತಿರ. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಹತ್ತು ಸಾವಿರದ ಸಮೀಪ. ಗಡಿಯ ಈಚೆಗೂ ಆಚೆಗೂ ನೆಂಟಸ್ತಿಕೆ ಇರುವ ಈ ಭಾಗದಲ್ಲಿ ಅದು ಕೇವಲ ಪಕ್ಕದ ರಾಜ್ಯದ ಸುದ್ದಿಯಾಗಿರಲಿಲ್ಲ.

ನಂತರ ನಡೆದ ಅಧ್ಯಯನಗಳು ಒಂದೇ ಕಡೆ ಬೊಟ್ಟು ಮಾಡಿದವು. ಜನರನ್ನು ಕೊಂದದ್ದು ಮಣ್ಣಿನ ಗಾರೆಯ ಕಲ್ಲುಗೋಡೆ ಮತ್ತು ಮಾಳಿಗೆಯ ಮಣ್ಣು. ಅಲ್ಲಿಯ ಮಾಳಿಗೆಗಳ ಮಣ್ಣು ಮೂವತ್ತರಿಂದ ಎಂಬತ್ತು ಸೆಂಟಿಮೀಟರ್ ದಪ್ಪವಿತ್ತು. ನಮ್ಮ ಮಾಳಿಗೆಗಳೂ ಅದೇ ಜಾತಿಯವು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಎರಡಡಿ ಮಣ್ಣಿದ್ದರೆ ಅದರ ತೂಕ ಒಂಬತ್ತು ಟನ್ನು ದಾಟುತ್ತದೆ. ಅದೇ ಕೋಣೆಯ ಮೇಲಿನ ನಾಲ್ಕೂವರೆ ಅಂಗುಲದ ಕಾಂಕ್ರೀಟಿನ ತೂಕ ಎರಡೂಮುಕ್ಕಾಲು ಟನ್ನಿನೊಳಗೆ. ಹೊರಪದರ, ಒಳಪದರಗಳ ನಡುವೆ ಕಟ್ಟುಕಲ್ಲು ಇಡದೆ ಗುಂಡುಕಲ್ಲು ತುಂಬಿದ ಗೋಡೆ ನಡುಗಿದಾಗ ಎರಡಾಗಿ ಸೀಳುತ್ತದೆ, ಮೇಲಿನ ಭಾರ ಒಳಗೆ ಕುಸಿಯುತ್ತದೆ. ಕಂಬ, ತೊಲೆಗಳನ್ನು ಗಟ್ಟಿಯಾಗಿ ಬೆಸೆದಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಕಟ್ಟಿಗೆಯ ಚೌಕಟ್ಟು ನಿಂತಿತ್ತು ಎಂಬುದೂ ದಾಖಲಾಗಿದೆ. ಹಳೆಯ ಬಡಿಗರ ವಿದ್ಯೆಗೆ ಸಿಕ್ಕ ಈ ಪ್ರಮಾಣಪತ್ರವನ್ನು ಯಾರೂ ಓದಲಿಲ್ಲ. ಮನೆ ಕಳೆದುಕೊಂಡವರು ತಗಡಿನ ಶೆಡ್ಡಿಗೆ ಹೋದರು. ಉಳಿದವರು ಸಾಲ ಮಾಡಿಯಾದರೂ ಸ್ಲ್ಯಾಬು ಹಾಕಿಸಲು ಹೊರಟರು.

ಇಲ್ಲಿಯೇ ಒಂದು ಅಪಾಯ ಉಳಿದುಕೊಂಡಿದೆ. ಹಳೆಯ ಮಣ್ಣುಗಾರೆಯ ಗೋಡೆಯನ್ನು ಹಾಗೆಯೇ ಇಟ್ಟು ಮಾಳಿಗೆಯ ಬದಲು ಸ್ಲ್ಯಾಬು ಕೂರಿಸಿದ ಮನೆ ಪೂರ್ತಿ ಆಧುನಿಕವೂ ಅಲ್ಲ, ಸುರಕ್ಷಿತವೂ ಅಲ್ಲ. ಲಿಂಟೆಲ್ ಮಟ್ಟದಲ್ಲಿ ಮನೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿ ಓಡಿದ್ದರೆ ಗೋಡೆಗಳು ಒಟ್ಟಾಗಿ ನಿಲ್ಲುತ್ತವೆ. ದುರ್ಬಲ ಕಲ್ಲುಕಟ್ಟಡಗಳಿಗೂ ಮಣ್ಣಿನ ಮನೆಗಳಿಗೂ ಪ್ರತ್ಯೇಕವಾದ ಭಾರತೀಯ ಮಾನಕಗಳು 1993ರಲ್ಲಿಯೇ ಪ್ರಕಟವಾದವು. 1950–60ರ ದಶಕದ ಕೆಲವು ಮನೆಗಳಲ್ಲಿ ಮುಖದ ಅಂದಕ್ಕಾಗಿ ಉದ್ದಕ್ಕೂ ಎಳೆದ ಛಜ್ಜಾದ ಹಿಂದೆ ಅಂಥದೇ ಪಟ್ಟಿ ಇರುವುದುಂಟು. ಶೃಂಗಾರಕ್ಕೆ ಇಟ್ಟದ್ದು ರಕ್ಷಣೆಗೂ ಒದಗಿತು.

ವಯಸ್ಸು ತಿಳಿಯುವುದು, ಉಳಿಸುವುದು

ಪ್ಯಾರಾಪೆಟ್ಟಿನ ಮೇಲೆ ಇಸವಿ ಇಲ್ಲದಿದ್ದರೂ ಮನೆಯ ಕಾಲವನ್ನು ಗುರುತಿಸಬಹುದು. ನಿಜಾಮರ ಆಳ್ವಿಕೆಯಲ್ಲಿ ಆಡಳಿತ ಭಾಷೆ ಉರ್ದು. ಆ ಕಾಲದ ಕಾಗದಪತ್ರಗಳಲ್ಲಿ ಫಸಲಿ ವರ್ಷ ಕಂಡರೆ ಅದಕ್ಕೆ 590 ಕೂಡಿಸಬೇಕು. ಫಸಲಿ 1358 ಎಂದರೆ ಕ್ರಿ.ಶ. 1948ರ ಸುಮಾರು. ಖರ್ಚಿನ ಚೀಟಿಗಳಲ್ಲಿ ‘ಹಾಲಿ’ ಎಂದಿದ್ದರೆ ಅದು ಹೈದರಾಬಾದಿನ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬುದು ವಿನಿಮಯದ ದರವಾಗಿತ್ತು. ಆ ನಾಣ್ಯದ ಚಲಾವಣೆ 1950ರ ದಶಕದಲ್ಲಿ ನಿಂತಿತು. ಆಣೆ, ಪೈಗಳ ಲೆಕ್ಕವಿದ್ದರೆ ಅದು ಬಹುತೇಕ 1957ಕ್ಕಿಂತ ಮುಂಚಿನದು, ನಯಾಪೈಸೆ ಇದ್ದರೆ ನಂತರದ್ದು. ಸ್ಲ್ಯಾಬು ಉದುರಿದ ಕಡೆ ಕಾಣುವ ಸರಳು ನುಣುಪಾಗಿ ದುಂಡಗಿದ್ದರೆ ಹಳೆಯ ಸಾದಾ ಸರಳು, ಹಗ್ಗದಂತೆ ಹೊಸೆದಿದ್ದರೆ 1960ರ ದಶಕದ ಕೊನೆಯಿಂದೀಚೆಗಿನ ಟಾರ್ ಸರಳು.

ಅಂಥ ಸರಳು ಕಂಡಿತೆಂದರೆ ಮನೆ ಮುಗಿಯಿತೆಂದು ಅರ್ಥವಲ್ಲ. ಮಳೆನೀರು ಇಳಿದು ಸರಳು ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿದಾಗ ಕೆಳಗಿನ ಕಾಂಕ್ರೀಟನ್ನು ಒಡೆದು ಕೆಡಹುತ್ತದೆ. ಮೂಲಕಾರಣ ಮೇಲಿರುತ್ತದೆ: ಕಟ್ಟಿಕೊಂಡ ನೀರಿನ ಕೊಳವೆ, ಪ್ಯಾರಾಪೆಟ್ಟು ಸ್ಲ್ಯಾಬಿಗೆ ಕೂಡುವ ಮೂಲೆಯ ಬಿರುಕು, ಸುಣ್ಣದ ಪದರದಲ್ಲಿ ಬೇರುಬಿಟ್ಟ ಅರಳಿ ಸಸಿ. ಅದನ್ನು ಬಿಟ್ಟು ಕೆಳಗಿನಿಂದ ಸಿಮೆಂಟು ಮೆತ್ತಿದರೆ ಎರಡು ಮಳೆಗಾಲದಲ್ಲಿ ಮತ್ತೆ ಉದುರುತ್ತದೆ. ತುಕ್ಕನ್ನು ಉಜ್ಜಿ ತೆಗೆದು, ಸರಳಿನ ಎಷ್ಟು ಭಾಗ ಉಳಿದಿದೆಯೆಂದು ಎಂಜಿನಿಯರಿಂದ ಪರೀಕ್ಷೆ ಮಾಡಿಸಿದ ನಂತರವೇ ಕೆಡವುವ ಅಥವಾ ಉಳಿಸುವ ತೀರ್ಮಾನಕ್ಕೆ ಬರಬೇಕು. ಹಲವು ಸಂದರ್ಭಗಳಲ್ಲಿ ಛಜ್ಜಾ ಮಾತ್ರ ಕೆಟ್ಟಿದ್ದು ಮುಖ್ಯ ಸ್ಲ್ಯಾಬು ಗಟ್ಟಿಯಾಗಿರುತ್ತದೆ.

ಕಾನೂನಿನಿಂದ ಈ ಮನೆಗಳಿಗೆ ರಕ್ಷಣೆ ದೊರೆಯುವುದು ಕಷ್ಟ. ಕೇಂದ್ರದ 1958ರ ಪುರಾತನ ಸ್ಮಾರಕಗಳ ಕಾಯ್ದೆಯ ಪ್ರಕಾರ ಕಟ್ಟಡಕ್ಕೆ ನೂರು ವರ್ಷ ತುಂಬಿರಬೇಕು. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ತಲೆಯೆತ್ತಿದ್ದ ‘ಹಾಲ್ ಆಫ್ ನೇಷನ್ಸ್’ ಎಂಬ ಜಗತ್ಪ್ರಸಿದ್ಧ ಕಾಂಕ್ರೀಟ್ ಕಟ್ಟಡವನ್ನು 2017ರಲ್ಲಿ ಕೆಡವಿದಾಗಲೂ ಅದಕ್ಕೆ ಸಾಕಷ್ಟು ವಯಸ್ಸಾಗಿಲ್ಲವೆಂಬ ವಾದವೇ ಮುಂದಾಗಿತ್ತು. ರಾಜ್ಯದಲ್ಲಿ ಈ ಕಾಲದ ಒಂದು ಕುಟುಂಬ ಮನೆ ಉಳಿದ ಉದಾಹರಣೆ ಮೈಸೂರಿನ ಯಾದವಗಿರಿಯದು. ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣ್ 1950ರ ದಶಕದ ಆರಂಭದಲ್ಲಿ ಕಟ್ಟಿಸಿದ ಎರಡಂತಸ್ತಿನ ಮನೆಯಲ್ಲಿ ಮೇಲಿನ ಬರೆಯುವ ಕೋಣೆ ದುಂಡಾಗಿ ಹೊರಚಾಚಿದ್ದು ಎಂಟು ಕಿಟಕಿಗಳನ್ನು ಹೊಂದಿದೆ. 2011ರಲ್ಲಿ ಅದನ್ನು ಕೆಡವುವ ಕೆಲಸ ಆರಂಭವಾಗಿತ್ತು. ಪತ್ರಿಕೆಗಳಲ್ಲಿ ಸುದ್ದಿಯಾದ ಬಳಿಕ ಅದು ನಿಂತು, ಸರ್ಕಾರಿ ಹಣದಲ್ಲಿ ದುರಸ್ತಿಯಾಗಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆ ಮನೆ ಉಳಿದದ್ದು ಅದರ ವಾಸ್ತುವಿನಿಂದಲ್ಲ, ಅದರಲ್ಲಿ ವಾಸಿಸಿದವರ ಹೆಸರಿನಿಂದ.

ಬಸವಕಲ್ಯಾಣ, ಹುಮನಾಬಾದುಗಳ ಸ್ಲ್ಯಾಬ್ ಮನೆಗಳಿಗೆ ಅಂಥ ಹೆಸರಿನ ಆಸರೆಯಿಲ್ಲ. ಅವುಗಳಲ್ಲಿ ಇದ್ದವರು, ಇರುವವರು ವ್ಯಾಪಾರಿಗಳು, ಶಿಕ್ಷಕರು, ಕಾರಕೂನರು. ಇಂಥ ಮನೆಯನ್ನು ಕೆಡವಲೇಬೇಕಾದ ಕುಟುಂಬಗಳು ಅದಕ್ಕೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು, ಟೇಪು ಹಿಡಿದು ಕೋಣೆಗಳ ಅಳತೆ ಬರೆದಿಟ್ಟುಕೊಳ್ಳಬಹುದು. ಎದುರಿನ ಮತ್ತು ಒಳಗಿನ ಛಾಯಾಚಿತ್ರ ತೆಗೆಸಬಹುದು. ಟ್ರಂಕಿನ ತಳದಲ್ಲಿರುವ ನಕಾಶೆ, ಸಿಮೆಂಟಿನ ಪರ್ಮಿಟ್ಟು, ಮೇಸ್ತ್ರಿಯ ಲೆಕ್ಕದ ಚೀಟಿಗಳನ್ನು ರದ್ದಿಗೆ ಹಾಕದೆ ಆ ಚಿತ್ರಗಳ ಜೊತೆಗೇ ಇಟ್ಟುಕೊಳ್ಳಬಹುದು. ಉರ್ದುವಿನಲ್ಲಿರುವ ಹಳೆಯ ಕಾಗದಗಳನ್ನು ಓದಬಲ್ಲ ಹಿರಿಯರು ಎರಡೂ ಊರುಗಳಲ್ಲಿ ಇನ್ನೂ ಇದ್ದಾರೆ.